ಬಕ್ಲರ್ಸ್ ಹಾರ್ಡ್‌ನಲ್ಲಿ ಒಂದು ದಿನ: ಭರತ-ಇಳಿತ ನೋಡಿಕೊಂಡು ಹೊರಡಿ

ಬಕ್ಲರ್ಸ್ ಹಾರ್ಡ್‌ಗೆ ಕರೆದುಕೊಂಡು ಹೋದವರೆಲ್ಲ ನನ್ನನ್ನು ಮೊದಲು ಕೇಳಿದ್ದು ಒಂದೇ ಪ್ರಶ್ನೆ. ಹಡಗು ಎಲ್ಲಿದೆ?

ಹಡಗು ಇಲ್ಲ. ಎದುರುಬದುರಾಗಿ ಎರಡು ಸಾಲು ಕೆಂಪು ಇಟ್ಟಿಗೆಯ ಮನೆಗಳಿವೆ. ನಡುವೆ ಹುಲ್ಲು ಬೆಳೆದ ಅಗಲವಾದ ಬೀದಿ ಇಳಿಜಾರಾಗಿ ಸೀದಾ ನದಿಗೆ ಹೋಗಿ ಮುಗಿಯುತ್ತದೆ. ಅಷ್ಟೇ ಊರು. ಇಂಗ್ಲೆಂಡಿನ ದಕ್ಷಿಣದಲ್ಲಿ, ಹ್ಯಾಂಪ್‌ಶೈರ್‌ನ ನ್ಯೂ ಫಾರೆಸ್ಟ್ ಕಾಡಿನ ಅಂಚಿನಲ್ಲಿ, ಬ್ಯೂಲಿ ನದಿಯ ದಡದಲ್ಲಿದೆ. 18ನೇ ಶತಮಾನದಲ್ಲಿ ಮತ್ತು 19ನೆಯದರ ಮೊದಲ ವರ್ಷಗಳಲ್ಲಿ ಇದೇ ದಡದ ಮೇಲೆ ಬ್ರಿಟಿಷ್ ನೌಕಾಪಡೆಗೆ 50ಕ್ಕೂ ಹೆಚ್ಚು ಹಡಗು ಕಟ್ಟಿದರು. ಆ ಪೈಕಿ ಮೂರು ಹಡಗು ಫ್ರೆಂಚ್-ಸ್ಪ್ಯಾನಿಷ್ ನೌಕಾಪಡೆಯನ್ನು ಬ್ರಿಟನ್ ಸೋಲಿಸಿದ 1805ರ ಟ್ರಫಾಲ್ಗರ್ ಯುದ್ಧದಲ್ಲಿ ಬ್ರಿಟಿಷ್ ಸೇನಾನಿ ನೆಲ್ಸನ್ ಜೊತೆಗಿದ್ದವು. ಈಗ ಉಳಿದಿರುವುದು ಮನೆ, ಮ್ಯೂಸಿಯಂ, ಮತ್ತೆ ಕೆಸರಲ್ಲಿ ಹೂತ ಒಂದಿಷ್ಟು ಮರ. ಅದಕ್ಕೇ ಇಲ್ಲಿ ಸುಮ್ನೆ ಹೋಗಿ ಸುತ್ತಾಡಿ ಬಂದರೆ ಏನೂ ಕಂಡಂತಾಗುವುದಿಲ್ಲ. ಯಾವ ಹೊತ್ತಿಗೆ ಹೋಗಬೇಕು, ಯಾವುದನ್ನು ಮೊದಲು ನೋಡಬೇಕು ಅನ್ನುವುದು ಗೊತ್ತಿದ್ದರೆ ಇಡೀ ಹಡಗು ಕಣ್ಣೆದುರು ಎದ್ದು ನಿಲ್ಲುತ್ತದೆ. ಬ್ರಿಟನ್ನಿನಲ್ಲಿರುವ ನಮ್ಮವರಿಗೆ, ಊರಿಂದ ಅಪ್ಪ-ಅಮ್ಮನನ್ನು ಕರೆಸಿಕೊಂಡವರಿಗೆ, ಇದು ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ದಿನ ಗೊತ್ತು ಮಾಡಿ

ಹವಾಮಾನ ಆಮೇಲೆ ನೋಡಿ. ಮೊದಲು ಭರತ-ಇಳಿತದ ಪಟ್ಟಿ ನೋಡಿ. ಬ್ಯೂಲಿ ನದಿಯ ಈ ಭಾಗದಲ್ಲಿ ಸಮುದ್ರದ ನೀರು ಏರಿ ಇಳಿಯುತ್ತದೆ. ಭರತದ ಹೊತ್ತಿಗೆ ಹೋದರೆ ತುಂಬಿದ ನದಿ, ಸಾಲು ದೋಣಿ, ಒಳ್ಳೆಯ ಫೋಟೋ. ಇಳಿತದ ಹೊತ್ತಿಗೆ ಹೋದರೆ ಕೆಸರು, ಕೊಕ್ಕರೆ, ಜೊತೆಗೆ ಹಳೆಯ ಹಡಗುಗಳನ್ನು ಜಾರಿಸಿದ ಜಾಗದ ಮರದ ತುಂಡುಗಳು. ಎರಡೂ ಬೇಕು ಅಲ್ವಾ? ಹಾಗಾದರೆ ಬೆಳಗ್ಗೆ 10-11ರ ಸುಮಾರಿಗೆ ಇಳಿತ ಇರುವ ದಿನ ಆರಿಸಿ. ಸಂಜೆ ನಾಲ್ಕು-ಐದಕ್ಕೆ ನೀರು ತುಂಬಿರುತ್ತದೆ.

ಮೊಬೈಲಲ್ಲಿ ಲಿಮಿಂಗ್ಟನ್ ಅಥವಾ ಪೋರ್ಟ್ಸ್‌ಮತ್ ಪಟ್ಟಿ ನೋಡಿದರೆ ಅಂದಾಜಿಗೆ ಸಾಕು. ಭರತ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹಾಗಾಗಿ ಈ ಶನಿವಾರ ಬೆಳಗ್ಗೆ 10ಕ್ಕೆ ಭರತ ಇದ್ದರೆ ಮುಂದಿನ ಶನಿವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಇಳಿತ ಇರುತ್ತದೆ. ಒಂದು ವಾರ ತಡೆದರೆ ಆಯಿತು.

ನಾನು ಮೊದಲ ಸಲ ಹೋಗಿದ್ದು ನವೆಂಬರ್‌ನಲ್ಲಿ, ಅದೂ ಮಧ್ಯಾಹ್ನ ಮೂರಕ್ಕೆ. ಮ್ಯೂಸಿಯಂ ಅರ್ಧ ನೋಡುವಷ್ಟರಲ್ಲಿ ಕತ್ತಲಾಯಿತು, ನದಿ ಕಾಣಲೇ ಇಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ, ಬೆಳಗ್ಗೆಯೇ ಹೋಗಿ. ದೋಣಿ ವಿಹಾರವೂ ಚಳಿಗಾಲದಲ್ಲಿ ಇರುವುದಿಲ್ಲ. ಟಿಕೆಟ್ ದರ, ತೆರೆಯುವ ಸಮಯ ವರ್ಷವರ್ಷಕ್ಕೆ ಬದಲಾಗುತ್ತದೆ. ಹೊರಡುವ ಹಿಂದಿನ ದಿನ ಅವರ ವೆಬ್‌ಸೈಟ್ ಒಮ್ಮೆ ನೋಡಿಬಿಡಿ.

ದಾರಿ

ಕಾರಿದ್ದರೆ ಸುಲಭ. ಲಂಡನ್ ಕಡೆಯಿಂದ ಎಂ3 ಹಿಡಿದು ಎಂ27ಕ್ಕೆ ಬನ್ನಿ. ಎರಡನೇ ಜಂಕ್ಷನ್‌ನಲ್ಲಿ ಇಳಿದರೆ ಬ್ಯೂಲಿಯ ಫಲಕಗಳು ಸಿಗುತ್ತವೆ. ಆಮೇಲೆ ಕಾಡಿನ ರಸ್ತೆ. ಇಲ್ಲಿ ಕುದುರೆ, ಹಸು, ಕತ್ತೆ ಎಲ್ಲ ರಸ್ತೆ ಮಧ್ಯೆಯೇ ನಿಂತಿರುತ್ತವೆ. ಅವಕ್ಕೆ ಮಾಲೀಕರಿದ್ದಾರೆ, ಆದರೆ ಬೇಲಿ ಇಲ್ಲ. ಗಂಟೆಗೆ 40 ಮೈಲಿ ಎಂದು ಫಲಕ ಇದ್ದ ಕಡೆಯೂ ಅದಕ್ಕಿಂತ ನಿಧಾನವಾಗಿ ಹೋಗಿ. ನಮ್ಮ ಮಕ್ಕಳಿಗೆ ಕುದುರೆ ಕಂಡರೆ ತಿನ್ನಿಸುವ ಆಸೆ. ತಿನ್ನಿಸಬೇಡಿ, ದಂಡ ಬೀಳಬಹುದು. ದಂಡಕ್ಕಿಂತ ಮುಖ್ಯವಾಗಿ, ತಿಂಡಿಯ ರುಚಿ ಹತ್ತಿದ ಕುದುರೆಗಳು ಕಾರುಗಳ ಹತ್ತಿರ ಬಂದು ಬಂದು ಸಾಯುತ್ತವೆ.

ರೈಲಲ್ಲಿ ಬರುವವರು ಲಂಡನ್ ವಾಟರ್‌ಲೂನಿಂದ ಬ್ರಾಕೆನ್‌ಹರ್ಸ್ಟ್‌ಗೆ ಬನ್ನಿ, ಸುಮಾರು ಒಂದೂವರೆ ತಾಸು. ಅಲ್ಲಿಂದ ಟ್ಯಾಕ್ಸಿ, ಇಲ್ಲವೇ ಬಾಡಿಗೆ ಸೈಕಲ್. ಬಸ್ ನೆಚ್ಚಿಕೊಳ್ಳಬೇಡಿ. ವಾಪಸ್ ಟ್ಯಾಕ್ಸಿಯನ್ನು ಬೆಳಗ್ಗೆಯೇ ಹೇಳಿಟ್ಟುಕೊಳ್ಳಿ. ಹಳ್ಳಿಯಲ್ಲಿ ನಿಂತು ಕೈ ಬೀಸಿದರೆ ಗಾಡಿ ಸಿಗುವ ಜಾಗ ಅಲ್ಲ ಇದು, ಮೊಬೈಲ್ ಸಿಗ್ನಲ್ ಕೂಡ ಕೆಲವು ಕಡೆ ಕೈಕೊಡುತ್ತದೆ.

ಬೂಟು ಹಾಕಿಕೊಳ್ಳಿ, ಚಪ್ಪಲಿ ಬೇಡ. ಗಾಳಿ ತಡೆಯುವ ಜಾಕೆಟ್ ಜೂನ್‌ನಲ್ಲೂ ಬೇಕು. ಬುತ್ತಿ ಕಟ್ಟಿಕೊಂಡು ಹೋಗುವುದೇ ಒಳ್ಳೆಯದು. ಚಿತ್ರಾನ್ನ, ಚಪಾತಿ-ಪಲ್ಯ, ಮೊಸರನ್ನ, ಯಾವುದಾದರೂ ಸರಿ. ಹೋಟೆಲ್, ಚಹಾ ಅಂಗಡಿ ಇವೆ. ಆದರೆ ನದಿ ನೋಡುತ್ತ ಕೂತು ಮನೆಯ ಊಟ ಮಾಡಿದ ಹಾಗಾಗುವುದಿಲ್ಲ.

ಮ್ಯೂಸಿಯಂ ಮೊದಲು, ಬೀದಿ ಆಮೇಲೆ

ಒಳಗೆ ಹೋದ ಕೂಡಲೇ ನದಿ ಕರೆಯುತ್ತದೆ. ಇಳಿತ ಮುಗಿಯುವ ಹೊತ್ತಲ್ಲದಿದ್ದರೆ ತಡೆದುಕೊಳ್ಳಿ. ಮೊದಲು ಮ್ಯೂಸಿಯಂಗೆ ಹೋಗಿ. ಸಣ್ಣದು, ಒಂದೂವರೆ ತಾಸು ಸಾಕು. 1963ರಲ್ಲಿ ಶುರುವಾದದ್ದು.

ಅಲ್ಲಿ ಮೂರು ವಿಷಯಗಳನ್ನು ಹುಡುಕಿಕೊಂಡು ನೋಡಿ, ಉಳಿದದ್ದು ನಿಮ್ಮ ಇಷ್ಟ.

ಒಂದು, ಊರು ಯಾಕೆ ಹುಟ್ಟಿತು ಅನ್ನುವ ಕತೆ. ಇದನ್ನು ಹಡಗು ಕಟ್ಟುವುದಕ್ಕೆ ಕಟ್ಟಿದ್ದೇ ಅಲ್ಲ. 1720ರ ದಶಕದಲ್ಲಿ ಇಲ್ಲಿನ ಜಮೀನುದಾರ, ಮಾಂಟಗ್ಯೂ ಮನೆತನದ ಎರಡನೇ ಡ್ಯೂಕ್ ಜಾನ್, ಇಲ್ಲಿ ಸಕ್ಕರೆ ಇಳಿಸುವ ಬಂದರು ಮಾಡಬೇಕೆಂದು ಹೊರಟ. ಊರಿಗೆ ಮಾಂಟಗ್ಯೂ ಟೌನ್ ಎಂದು ಹೆಸರೂ ಇಟ್ಟ. ಕೆರಿಬಿಯನ್‌ನ ಸೇಂಟ್ ಲೂಸಿಯಾ, ಸೇಂಟ್ ವಿನ್ಸೆಂಟ್ ದ್ವೀಪಗಳನ್ನು ರಾಜ ಅವನಿಗೆ ಬರೆದುಕೊಟ್ಟಿದ್ದ. ಅಲ್ಲಿ ನೆಲೆಯೂರಲು ಕಳಿಸಿದ ಜನರನ್ನು ಫ್ರೆಂಚರು ನಿಲ್ಲಲು ಬಿಡಲಿಲ್ಲ. ಸಕ್ಕರೆ ಬರಲಿಲ್ಲ. ಬೀದಿ ಮಾತ್ರ ಉಳಿಯಿತು. ಆ ಕಾಲದ ಕೆರಿಬಿಯನ್ ಸಕ್ಕರೆ ಅಂದರೆ ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಬೆವರು ಅನ್ನುವುದನ್ನು ಮಕ್ಕಳಿಗೆ ಇಲ್ಲಿಯೇ ಹೇಳಿ. ಇಷ್ಟು ಚಂದದ ಬೀದಿಯ ಹಿಂದೆ ಅಂಥ ಲೆಕ್ಕಾಚಾರ ಇತ್ತು ಅನ್ನುವುದು ಅವರಿಗೂ ಗೊತ್ತಿರಬೇಕು.

ಎರಡು, ಹೆನ್ರಿ ಆಡಮ್ಸ್. 1744ರಲ್ಲಿ ನೌಕಾಪಡೆಯ ಪರವಾಗಿ ಒಂದು ಹಡಗಿನ ಕೆಲಸ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಲು ಬಂದವನು. ಆಮೇಲೆ ಇಲ್ಲಿಯೇ ಉಳಿದು ಹಡಗುಕಟ್ಟೆಯನ್ನು ತಾನೇ ವಹಿಸಿಕೊಂಡ. 1805ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡ. ಅವನ ಕೈಯಲ್ಲಿ ತಯಾರಾದ ಅಗಮೆಮ್ನಾನ್, 64 ಫಿರಂಗಿಗಳ ಹಡಗು, 1781ರ ಏಪ್ರಿಲ್‌ನಲ್ಲಿ ನೀರಿಗಿಳಿಯಿತು. ಕಟ್ಟಲು ನಾಲ್ಕು ವರ್ಷ ಹಿಡಿಯಿತು, ಸುಮಾರು 2000 ಓಕ್ ಮರ ಬೇಕಾಯಿತು. 1793ರಿಂದ ಮೂರು ವರ್ಷ ಇದರ ಕ್ಯಾಪ್ಟನ್ ಆಗಿದ್ದ ನೆಲ್ಸನ್‌ಗೆ ತನ್ನ ಹಡಗುಗಳಲ್ಲೆಲ್ಲ ಇದರ ಮೇಲೆಯೇ ಹೆಚ್ಚು ಪ್ರೀತಿ.

ಮೂರು, ಊರಿನ ಮಾದರಿ. ಬೀದಿಯಲ್ಲಿ ಮರದ ದಿಮ್ಮಿಗಳು, ದಡದಲ್ಲಿ ಪಕ್ಕೆಲುಬು ತೋರಿಸಿಕೊಂಡು ನಿಂತ ಹಡಗುಗಳು. ಇದರ ಮುಂದೆ ಹತ್ತು ನಿಮಿಷ ನಿಲ್ಲಿ. ಯಾವ ಹಡಗು ಎಲ್ಲಿ, ಮರ ಎಲ್ಲಿ ರಾಶಿ ಹಾಕಿದ್ದಾರೆ, ಆಡಮ್ಸ್ ಮನೆ ಎಲ್ಲಿ, ಗುರುತು ಮಾಡಿಕೊಳ್ಳಿ. ಒಂದು ಫೋಟೋ ತೆಗೆದುಕೊಳ್ಳಿ. ಹೊರಗೆ ಬಂದ ಮೇಲೆ ಈ ಫೋಟೋ ಹಿಡಿದುಕೊಂಡೇ ಬೀದಿ ಇಳಿಯಬೇಕು.

ಬೀದಿ ಇಳಿಯುವುದು

ಬೀದಿ ಇಷ್ಟು ಅಗಲ ಯಾಕೆ? ಡ್ಯೂಕ್ ಇದನ್ನು ಬಂದರಿಗೆಂದು ಮಾಡಿಸಿದ್ದ, ಆಮೇಲೆ ಹಡಗು ಕಟ್ಟುವವರಿಗೆ ಇದೇ ಮರದ ಅಂಗಳವಾಯಿತು. ನ್ಯೂ ಫಾರೆಸ್ಟ್‌ನಿಂದ ಕುದುರೆಗಾಡಿಯಲ್ಲಿ ಬಂದ ಓಕ್ ದಿಮ್ಮಿಗಳನ್ನು ಇಲ್ಲಿ ರಾಶಿ ಹಾಕಿ, ಒಣಗಿಸಿ, ನದಿಯ ಕಡೆಗೆ ಉರುಳಿಸುತ್ತಿದ್ದರು. ಈಗ ಹುಲ್ಲಿನ ಮೇಲೆ ಮಕ್ಕಳು ಉರುಳುತ್ತಾರೆ.

ಮರದ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಾದರೆ ಸುತ್ತಲಿನ ಕಾಡು ನೋಡುವ ಕಣ್ಣೇ ಬದಲಾಗುತ್ತದೆ. ಮನೆ ಕಟ್ಟುವವರಿಗೆ ನೆಟ್ಟಗಿನ ಮರ ಬೇಕು. ಹಡಗು ಕಟ್ಟುವವರಿಗೆ ಡೊಂಕು ಮರವೂ ಅಷ್ಟೇ ಬೇಕು. ಹಡಗಿನ ಪಕ್ಕೆಲುಬು ಬಾಗಿರುತ್ತದೆ. ನೆಟ್ಟಗಿನ ಮರವನ್ನು ಆ ಆಕಾರಕ್ಕೆ ಕೊಯ್ದರೆ ನಾರು ತುಂಡಾಗಿ ಬಲ ಹೋಗುತ್ತದೆ. ಹುಟ್ಟಿನಿಂದಲೇ ಬಾಗಿ ಬೆಳೆದ ಕೊಂಬೆ ಸಿಕ್ಕರೆ ನಾರು ಆಕಾರದ ಜೊತೆಗೇ ಬಾಗಿರುತ್ತದೆ, ಅಲೆಯ ಹೊಡೆತ ತಡೆಯುತ್ತದೆ. ತೊಲೆ ಮತ್ತು ಪಕ್ಕದ ಗೋಡೆ ಸೇರುವ ಮೂಲೆಗೆ ಮೊಣಕಾಲಿನಂತೆ ಮಡಚಿದ ಕವಲು ಬೇಕು. ಹಾಗಾಗಿ ಕೆಲಸದವರು ಕಾಡಿಗೆ ಹೋಗಿ, ನಿಂತ ಮರದಲ್ಲೇ ಹಡಗಿನ ತುಂಡುಗಳನ್ನು ಹುಡುಕುತ್ತಿದ್ದರು. ಒಂಟಿಯಾಗಿ, ಬಯಲಿನಲ್ಲಿ, ಕೈಚಾಚಿ ಬೆಳೆದ ಓಕ್ ಅವರಿಗೆ ಬಂಗಾರ. ಬರುವಾಗ ದಾರಿಯಲ್ಲಿ ಅಂಥ ಮರ ಕಂಡರೆ ಮಕ್ಕಳಿಗೆ ಕೇಳಿ, ಈ ಕೊಂಬೆ ಹಡಗಿನ ಯಾವ ಭಾಗಕ್ಕೆ ಆಗುತ್ತದೆ ಅಂತ. ನಮ್ಮ ಮನೆಯಲ್ಲಿ ಈ ಆಟ ಈಗಲೂ ನಡೆಯುತ್ತಿದೆ.

ಕೊಯ್ಯುವುದಕ್ಕೆ ಗುಂಡಿ ಇತ್ತು. ಗುಂಡಿಯ ಮೇಲೆ ದಿಮ್ಮಿ ಇಟ್ಟು, ಒಬ್ಬ ಮೇಲೆ ನಿಂತು ಇನ್ನೊಬ್ಬ ಕೆಳಗಿಳಿದು ಉದ್ದದ ಗರಗಸ ಎಳೆಯಬೇಕು. ಕೆಳಗಿದ್ದವನ ತಲೆ, ಕಣ್ಣು, ಮೂಗಿಗೆಲ್ಲ ಮರದ ಹುಡಿ. ಹಲಗೆ ಜೋಡಿಸಲು ಬಳಸಿದ್ದು ಹೆಚ್ಚಾಗಿ ಓಕ್ ಮರದ ಗೂಟ. ಅದು ತುಕ್ಕು ಹಿಡಿಯುವುದಿಲ್ಲ, ನೀರು ಕುಡಿದರೆ ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಹಲಗೆಗಳ ಸಂದಿಗೆ ಹಳೆಯ ಹಗ್ಗ ಬಿಡಿಸಿದ ನಾರು ತುರುಕಿ, ಮೇಲೆ ಬಿಸಿ ರಾಳ ಹೊಯ್ಯುತ್ತಿದ್ದರು. ನಮ್ಮ ಕರಾವಳಿಯಲ್ಲಿ ಮರದ ದೋಣಿಯ ಸಂದಿಗೆ ಹತ್ತಿ ತುಂಬುತ್ತಾರಲ್ಲ, ಅದೇ ಕೆಲಸ. ಕುಂದಾಪುರದಿಂದ ಬಂದಿದ್ದ ನಮ್ಮ ಅಪ್ಪಯ್ಯನಿಗೆ ಇಂಗ್ಲಿಷ್ ಫಲಕ ಯಾವುದೂ ಬೇಕಾಗಲಿಲ್ಲ. ಉಳಿ, ಬಾಚಿ, ಕೊಡತಿ ನೋಡಿಕೊಂಡೇ ಯಾವುದು ಯಾವ ಕೆಲಸಕ್ಕೆ ಎಂದು ನನ್ನ ಮಗಳಿಗೆ ಹೇಳುತ್ತ ಹೋದರು.

ಬೀದಿಯ ಎರಡು-ಮೂರು ಮನೆಗಳನ್ನು ಆಗಿನಂತೆಯೇ ಇಟ್ಟಿದ್ದಾರೆ, ಒಳಗೆ ನೋಡಬಹುದು. ನುರಿತ ಬಡಗಿಯ ಮನೆಗೂ ಕೂಲಿಯವನ ಮನೆಗೂ ಇರುವ ವ್ಯತ್ಯಾಸ ಗಮನಿಸಿ. ಉಳಿದ ಮನೆಗಳಲ್ಲಿ ಜನ ವಾಸವಾಗಿದ್ದಾರೆ. ಕಿಟಕಿಗೆ ಮುಖ ಒತ್ತಬೇಡಿ. ಪೂರ್ವದ ಸಾಲಿನಲ್ಲಿ ಒಂದು ಮನೆಯೊಳಗೇ ಪುಟ್ಟ ಚಾಪೆಲ್ ಇದೆ, ಒಂದು ಕಾಲಕ್ಕೆ ಮಕ್ಕಳ ಶಾಲೆಯಾಗಿದ್ದ ಜಾಗ. ಎರಡು ನಿಮಿಷ ಕೂತು ಬನ್ನಿ. ಬೀದಿಯ ಕೊನೆಯಲ್ಲಿ, ನದಿಗೆ ಹತ್ತಿರ, ಹೆನ್ರಿ ಆಡಮ್ಸ್ ಮನೆ. ಈಗ ಹೋಟೆಲ್. ಅಲ್ಲಿ ನಿಂತರೆ ಇಡೀ ಹಡಗುಕಟ್ಟೆ ಒಂದೇ ನೋಟಕ್ಕೆ ಸಿಗುತ್ತದೆ. ಮನೆಯನ್ನು ಅಲ್ಲಿ ಯಾಕೆ ಕಟ್ಟಿದರು ಅಂತ ಬೇರೆ ಯಾರೂ ಹೇಳಬೇಕಾಗಿಲ್ಲ.

ದಡದಲ್ಲಿ ನಿಂತು ನೋಡಬೇಕಾದದ್ದು

ಈಗ ಆ ಫೋಟೋ ತೆಗೆಯಿರಿ. ಮಾದರಿಯಲ್ಲಿ ಹಡಗು ನಿಂತಿದ್ದ ಜಾಗದಲ್ಲೇ ನೀವು ನಿಂತಿದ್ದೀರಿ. 'ಹಾರ್ಡ್' ಎಂದರೆ ದೋಣಿ ಎಳೆದು ಹಾಕಬಹುದಾದ ಗಟ್ಟಿ ನೆಲದ ದಡ. ನದಿಯುದ್ದಕ್ಕೂ ಮೊಣಕಾಲು ಹೂಳುವ ಕೆಸರು, ಇಲ್ಲಿ ಮಾತ್ರ ಜಲ್ಲಿಕಲ್ಲಿನ ಇಳಿಜಾರು. ಪಕ್ಕದಲ್ಲೇ ಕಾಡು, ಸ್ವಲ್ಪ ದೂರದಲ್ಲಿ ಸೌಲಿಯ ಕಬ್ಬಿಣದ ಕುಲುಮೆ, ನದಿ ಇಳಿದು ಸಾಲೆಂಟ್ ಜಲಸಂಧಿಗೆ ಬಂದರೆ ಪೋರ್ಟ್ಸ್‌ಮತ್ ನೌಕಾನೆಲೆ. ಒಂದು ಹಳ್ಳಿಗೆ ಯುದ್ಧದ ಹಡಗು ಕಟ್ಟುವ ಕೆಲಸ ಸಿಕ್ಕಿದ್ದು ಹೀಗೆ.

ಇಳಿತದಲ್ಲಿ ದಡದ ಅಂಚಿಗೆ ಕಪ್ಪಗೆ ಕೊಳೆತ ಮರದ ತುಂಡುಗಳು ಕಾಣುತ್ತವೆ. ಹಡಗುಗಳನ್ನು ಜಾರಿಸಿದ ಹಾದಿಯ ಉಳಿಕೆ ಅದು. ಮುಟ್ಟಲು ಕೆಸರಿಗೆ ಇಳಿಯಬೇಡಿ, ಕಾಲು ಹೂಳುತ್ತದೆ, ಮರವೂ ಹಾಳಾಗುತ್ತದೆ. ದಡದಿಂದಲೇ ನೋಡಿ. ಆ ದಿನ ಹೇಗಿದ್ದಿರಬೇಕು ಎಂದು ಯೋಚಿಸಿ. ಭರತ ಪೂರ್ತಿ ಏರುವ ಹೊತ್ತಿಗೆ ಕಾದು, ಜಾರುವ ಹಾದಿಗೆ ಪ್ರಾಣಿಗಳ ಕೊಬ್ಬು ಬಳಿದು, ಹಡಗಿಗೆ ಕೊಟ್ಟ ಆಸರೆಗಳನ್ನು ಒಂದೊಂದೇ ಬಡಿದು ತೆಗೆಯುತ್ತಿದ್ದರು. ಸುತ್ತಲಿನ ಊರುಗಳ ಜನ ಜಾತ್ರೆಗೆ ಬಂದ ಹಾಗೆ ಸೇರುತ್ತಿದ್ದರು. ಹೊತ್ತು ತಪ್ಪಿದರೆ ನೀರು ಸಾಲದು, ಅಷ್ಟು ದೊಡ್ಡ ಹಡಗು ಕೆಸರಿನಲ್ಲಿ ಕೂತುಬಿಡುತ್ತದೆ. ನೀರಿಗಿಳಿದ ಹಡಗಿಗೆ ಇನ್ನೂ ಕಂಬವಿಲ್ಲ, ಫಿರಂಗಿಯಿಲ್ಲ. ಬರೀ ಮರದ ಒಡಲು. ಅದನ್ನು ದೋಣಿಗಳಿಗೆ ಕಟ್ಟಿ, ಹುಟ್ಟು ಹಾಕಿ, ಈ ಡೊಂಕು ನದಿಯಲ್ಲಿ ಎಳೆದುಕೊಂಡು ಹೋಗುತ್ತಿದ್ದರು. ಪೋರ್ಟ್ಸ್‌ಮತ್‌ನಲ್ಲಿ ತಳಕ್ಕೆ ತಾಮ್ರದ ತಗಡು, ಮೇಲೆ ಕಂಬ, ಹಾಯಿ, ಫಿರಂಗಿ.

ಅಗಮೆಮ್ನಾನ್ ಅಲ್ಲದೆ ಟ್ರಫಾಲ್ಗರ್‌ಗೆ ಹೋದ ಉಳಿದೆರಡು ಹಡಗು 1803ರ ಯೂರಿಯಲಸ್ ಮತ್ತು 1804ರ ಸ್ವಿಫ್ಟ್‌ಶೂರ್. ಆ ಯುದ್ಧದಲ್ಲಿ ನೆಲ್ಸನ್ ಸತ್ತ ಮೇಲೆ ಅವನ ನಂತರದ ಸೇನಾನಿ ಕಾಲಿಂಗ್‌ವುಡ್ ಹತ್ತಿಕೊಂಡದ್ದು ಯೂರಿಯಲಸ್ ಅನ್ನು, ಯಾಕೆಂದರೆ ಅವನದೇ ಹಡಗಿನ ಕಂಬಗಳು ಮುರಿದುಬಿದ್ದಿದ್ದವು. ಗೆದ್ದ ಸುದ್ದಿಯ ವರದಿಯನ್ನು ಅದರಲ್ಲೇ ಬರೆದ. ಅಗಮೆಮ್ನಾನ್ 1809ರಲ್ಲಿ ಉರುಗ್ವೆಯ ಕರಾವಳಿಯಲ್ಲಿ ನೆಲಕ್ಕೆ ತಾಗಿ ಹಾಳಾಯಿತು. ಈ ಕಾಡಿನ ಮರ ಈಗಲೂ ಅಲ್ಲಿಯ ಸಮುದ್ರದ ತಳದಲ್ಲಿದೆ.

ದಡದಲ್ಲಿ ಇನ್ನೊಂದು ನೆನಪೂ ಇದೆ. 65ನೇ ವಯಸ್ಸಿನಲ್ಲಿ ಒಬ್ಬನೇ, ಸಿಡ್ನಿಯಲ್ಲಿ ಮಾತ್ರ ನಿಂತು, ಹಾಯಿದೋಣಿಯಲ್ಲಿ ಭೂಮಿ ಸುತ್ತಿದ ಫ್ರಾನ್ಸಿಸ್ ಚಿಚೆಸ್ಟರ್ 'ಜಿಪ್ಸಿ ಮಾತ್ IV' ಎಂಬ ತನ್ನ ಆ ದೋಣಿಯನ್ನು ಇಟ್ಟುಕೊಂಡಿದ್ದದ್ದು ಇಲ್ಲಿಯೇ. 1966-67ರ ಆ ಯಾನದಲ್ಲಿ ನೀರಿನ ಮೇಲೆ ಕಳೆದದ್ದು 226 ದಿನ.

ಊಟ, ದೋಣಿ, ನಡಿಗೆ

ಊಟ ಮುಗಿಸುವಷ್ಟರಲ್ಲಿ ನೀರು ಏರಲು ಶುರುವಾಗಿರುತ್ತದೆ. ದೋಣಿ ವಿಹಾರ ಸುಮಾರು ಅರ್ಧ ತಾಸಿನದು, ಬೇಸಿಗೆಯಲ್ಲಿ ಮಾತ್ರ. ಟಿಕೆಟ್ ಬೆಳಗ್ಗೆ ಬಂದ ಕೂಡಲೇ ತೆಗೆದಿಡಿ. ಮಂಡಿನೋವಿನ ಹಿರಿಯರಿದ್ದರೆ ಹತ್ತಿ ಇಳಿಯುವ ಜಾಗವನ್ನು ಮೊದಲೇ ನೋಡಿಬನ್ನಿ. ಇಳಿತದಲ್ಲಿ ದೋಣಿಗೆ ಹೋಗುವ ಸೇತುವೆ ಕಡಿದಾಗಿರಬಹುದು, ನೀರು ಏರಿದ ಮೇಲೆ ಸುಲಭ.

ಆಮೇಲೆ ನಡಿಗೆ. ಬಕ್ಲರ್ಸ್ ಹಾರ್ಡ್‌ನಿಂದ ಬ್ಯೂಲಿ ಹಳ್ಳಿಗೆ ನದಿಯ ಪಕ್ಕ ಸುಮಾರು ಎರಡು ಮೈಲಿ. ಸಮತಟ್ಟು ದಾರಿ, ಮುಕ್ಕಾಲು ತಾಸು. ಒಂದು ಕಡೆ ಓಕ್ ಕಾಡು, ಇನ್ನೊಂದು ಕಡೆ ಜೌಗು. ನಡುವೆ ಬೇಲೀಸ್ ಹಾರ್ಡ್ ಎಂಬ ಜಾಗ ಸಿಗುತ್ತದೆ. ಈ ನದಿಯಲ್ಲಿ ನೌಕಾಪಡೆಗೆ ಕಟ್ಟಿದ ಮೊದಲ ಹಡಗು, 1698ರ ಸ್ಯಾಲಿಸ್ಬರಿ, ಅಲ್ಲಿ ತಯಾರಾದದ್ದು. ಮಳೆಯಾದ ಮಾರನೇ ದಿನ ಕೆಲವು ಕಡೆ ಕೆಸರು ಇರುತ್ತದೆ. ತಳ್ಳುಗಾಡಿಯಲ್ಲಿ ಕೂಸು ಇದ್ದರೆ ದೊಡ್ಡ ಚಕ್ರದ್ದು ತನ್ನಿ.

ನಮ್ಮ ಲೆಕ್ಕ ಹೀಗೆ. ನಡೆಯಲಾಗುವವರು ನಡೆಯುತ್ತಾರೆ. ಒಬ್ಬರು ಹಿರಿಯರನ್ನು ಕರೆದುಕೊಂಡು ಕಾರಲ್ಲಿ ಬ್ಯೂಲಿಗೆ ಬಂದು ಚಹಾ ಅಂಗಡಿಯಲ್ಲಿ ಕಾಯುತ್ತಾರೆ. ಒಂದೇ ಕಾರು, ಎಲ್ಲರೂ ನಡೆಯುವವರಾದರೆ ವಾಪಸ್ ಎರಡು ಮೈಲಿ ಇದೆ ಅನ್ನುವುದು ನೆನಪಿರಲಿ.

ಇನ್ನೊಂದು ದಿನ ಇದ್ದರೆ

ಬ್ಯೂಲಿಯಲ್ಲಿ 1204ರಲ್ಲಿ ಶುರುವಾದ ಮಠದ ಅವಶೇಷ, ಮಾಂಟಗ್ಯೂ ಮನೆತನದ ಬಂಗಲೆ, ಹಳೆಯ ಕಾರುಗಳ ದೊಡ್ಡ ಮ್ಯೂಸಿಯಂ, ಎಲ್ಲಕ್ಕೂ ಸೇರಿ ಒಂದೇ ಟಿಕೆಟ್. ಇದನ್ನು ಬಕ್ಲರ್ಸ್ ಹಾರ್ಡ್ ದಿನದೊಳಗೆ ತುರುಕಬೇಡಿ. ಎರಡೂ ಅರ್ಧಂಬರ್ಧ ಆಗುತ್ತವೆ. ಆದರೆ ಕನ್ನಡದವರು ಇಲ್ಲಿಗೆ ಬಂದು ನೋಡದೆ ಹೋಗಬಾರದ ಒಂದು ಕೋಣೆ ಅದರೊಳಗಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ತನ್ನ ಗುಪ್ತಚರರಿಗೆ ಕೊನೆಯ ಹಂತದ ತರಬೇತಿ ಕೊಟ್ಟದ್ದು ಬ್ಯೂಲಿಯ ಮನೆಗಳಲ್ಲಿ. ಅದರ ಪ್ರದರ್ಶನ ಅಲ್ಲಿದೆ. 1943ರಲ್ಲಿ ಇಲ್ಲಿ ಕಲಿತವರಲ್ಲಿ ನೂರ್ ಇನಾಯತ್ ಖಾನ್ ಒಬ್ಬರು. ಟಿಪ್ಪು ಸುಲ್ತಾನರ ವಂಶದವರು. ಅವರ ಮುತ್ತಾತ ಮೌಲಾ ಬಕ್ಷ್ ಮೈಸೂರು ಅರಮನೆಯಲ್ಲಿ ಮನ್ನಣೆ ಪಡೆದಿದ್ದ ಸಂಗೀತಗಾರ. ನೂರ್ ಆ ಜೂನ್‌ನಲ್ಲಿ ಫ್ರಾನ್ಸ್‌ಗೆ ಹೋಗಿ ಪ್ಯಾರಿಸ್‌ನಿಂದ ರೇಡಿಯೋ ಸಂದೇಶ ಕಳಿಸುತ್ತಿದ್ದರು. ಅಕ್ಟೋಬರ್‌ನಲ್ಲಿ ಸಿಕ್ಕಿಬಿದ್ದರು. 1944ರ ಸೆಪ್ಟೆಂಬರ್‌ನಲ್ಲಿ ಡಖಾವ್ ಶಿಬಿರದಲ್ಲಿ ನಾಜಿಗಳು ಅವರನ್ನು ಕೊಂದರು. ವಯಸ್ಸು 30. 1949ರಲ್ಲಿ ಬ್ರಿಟನ್ ಅವರಿಗೆ ಜಾರ್ಜ್ ಕ್ರಾಸ್ ಎಂಬ ಶೌರ್ಯ ಪದಕ ಕೊಟ್ಟಿತು. ಮಠದ ಅಂಗಳದ ಗೋಡೆಯ ಮೇಲೆ ಇಲ್ಲಿ ತರಬೇತಿ ಪಡೆದವರ ನೆನಪಿನ ಫಲಕ ಇದೆ. ಅಮ್ಮ ಅದರ ಮುಂದೆ ಚಪ್ಪಲಿ ಬಿಟ್ಟು ನಿಂತರು. ನಾವೂ ಬಿಟ್ಟೆವು.

ವಾಪಸ್ ಹೊರಡುವ ಮುಂಚೆ

ನಡೆದುಕೊಂಡೇ ಬಕ್ಲರ್ಸ್ ಹಾರ್ಡ್‌ಗೆ ಮರಳಿದ್ದರೆ ಕಾರು ಹತ್ತುವ ಮೊದಲು ಇನ್ನೊಮ್ಮೆ ಬೀದಿ ಇಳಿದು ದಡಕ್ಕೆ ಹೋಗಿ. ಸಾಲೆಂಟ್‌ನ ಕಡೆ ಭರತ ಬೇಗ ಇಳಿಯುವುದಿಲ್ಲ, ತುಂಬಿದ ನೀರು ಜಾಸ್ತಿ ಹೊತ್ತು ನಿಲ್ಲುತ್ತದೆ. ಬೆಳಗ್ಗೆ ಕಂಡ ಕಪ್ಪು ಮರಗಳು ಮುಳುಗಿರುತ್ತವೆ. ಅಪ್ಪಯ್ಯ ಅಲ್ಲಿ ನಿಂತು ನೀರಿನ ಆಳ ಅಂದಾಜು ಮಾಡಿದರು, ಎದುರು ದಡ ನೋಡಿದರು, ನದಿ ತಿರುಗುವ ಕಡೆ ನೋಡಿದರು. ಆಮೇಲೆ, ಈಗ ಇಳಿಸಬಹುದು, ಅಂದರು.